ಪೊಲೀಸ್ ಪಿಕಪ್ ವಾಹನಕ್ಕೆ ದೀಪ, ಸೈರನ್: ಲೆಕ್ಕ ತಂತಿಯಿಂದಲೇ ಆರಂಭವಾಗಲಿ

ಬೆಂಗಳೂರಿನ ‘ಹೊಯ್ಸಳ’ ಗಸ್ತು ವಾಹನಗಳಾಗಲಿ, ಜಿಲ್ಲೆಗಳಲ್ಲಿ 112 ಸಂಖ್ಯೆಯ ಕರೆಗೆ ಓಗೊಟ್ಟು ಧಾವಿಸುವ ತುರ್ತು ಸ್ಪಂದನ ವಾಹನಗಳಾಗಲಿ, ಜನರಿಗೆ ಮೊದಲು ಪರಿಚಿತವಾಗುವುದು ಮಾಡಿನ ಮೇಲೆ ಮಿನುಗುವ ಕೆಂಪು-ನೀಲಿ ದೀಪದಿಂದ ಮತ್ತು ಸೈರನ್ ಧ್ವನಿಯಿಂದ. ಆದರೆ ಕಾರ್ಖಾನೆಯಿಂದ ಹೊರಬರುವಾಗ ಇವು ಸಾಮಾನ್ಯವಾಗಿ ಬೇರೆ ವಾಹನಗಳಂತೆಯೇ ಇರುತ್ತವೆ. ದೀಪ, ಸೈರನ್, ನಿಸ್ತಂತು ಸಾಧನ, ಹುಡುಕು ದೀಪ ಇತ್ಯಾದಿಗಳನ್ನು ಅನಂತರ ಜೋಡಿಸಲಾಗುತ್ತದೆ. ವಾಹನ ಮಾರಾಟಗಾರರ ಉಪಗುತ್ತಿಗೆದಾರರಾಗಿ ಅಥವಾ ನೇರವಾಗಿ ಟೆಂಡರು ಪಡೆದು ಈ ಕೆಲಸ ಮಾಡುವವರಲ್ಲಿ ಬಾಡಿ ಬಿಲ್ಡಿಂಗ್ ಘಟಕದವರು, ಆಟೋ ಎಲೆಕ್ಟ್ರಿಷಿಯನ್‌ಗಳು ಮತ್ತು ಬಿಡಿಭಾಗಗಳ ವರ್ತಕರು ಇದ್ದಾರೆ. ಅಂದರೆ ಇದು ಸಣ್ಣ ಉದ್ಯಮಿಗಳ ಕ್ಷೇತ್ರ.

ಮುಂದೆ ಎರಡು ಸಾಲಿನ ಆಸನ, ಹಿಂದೆ ತೆರೆದ ಸರಕು ತೊಟ್ಟಿ ಇರುವ ಪಿಕಪ್ ವಾಹನವು ಪೊಲೀಸ್ ಕೆಲಸಕ್ಕೆ ಬಹಳ ಉಪಯುಕ್ತ. ಸಿಬ್ಬಂದಿಯ ಜೊತೆಗೆ ಬ್ಯಾರಿಕೇಡ್, ಕೋನ್, ಹಗ್ಗ, ಜನರೇಟರ್ ಮುಂತಾದವುಗಳನ್ನು ಒಂದೇ ಬಾರಿಗೆ ಸಾಗಿಸಬಹುದು. ಅಮೆರಿಕದಲ್ಲಿ ಇಂಥ ವಾಹನಗಳನ್ನು ಸಜ್ಜುಗೊಳಿಸುವುದೇ ಪ್ರತ್ಯೇಕ ಉದ್ಯಮವಾಗಿ ಬೆಳೆದಿದೆ. ಅಲ್ಲಿ ಫೋರ್ಡ್ ಕಂಪನಿಯು 2017ರಲ್ಲಿ ತನ್ನ ಎಫ್-150 ಪಿಕಪ್‌ನ ಪೊಲೀಸ್ ಮಾದರಿಯನ್ನೇ ಪ್ರಕಟಿಸಿತು. ನಮ್ಮಲ್ಲಿ ಈ ಕೆಲಸ ಇನ್ನೂ ಬಹುಮಟ್ಟಿಗೆ ಸಣ್ಣ ವರ್ಕ್‌ಶಾಪುಗಳ ಕೈಯಲ್ಲಿದೆ.

ಈ ವ್ಯವಹಾರಕ್ಕೆ ಹೊಸದಾಗಿ ಇಳಿಯುವವರು ದರಪಟ್ಟಿ ತಯಾರಿಸುವಾಗ ದೀಪದ ಬೆಲೆ, ಸೈರನ್ ಬೆಲೆ, ಅದರ ಮೇಲೆ ‘ಜೋಡಣೆ ವೆಚ್ಚ’ ಎಂದು ಒಂದು ಇಡಿಗಂಟಿನ ಮೊತ್ತ ಬರೆದು ಮುಗಿಸುವುದು ರೂಢಿ. ನಷ್ಟದ ಮೂಲ ಇಲ್ಲಿಯೇ ಇದೆ. ದೀಪ ಕೆಟ್ಟರೆ ಅದರ ತಯಾರಕರು ಬದಲಿಸಿಕೊಡುತ್ತಾರೆ. ತಂತಿ ಬಿಸಿಯಾಗಿ ಕರಗಿದರೆ, ನಡುರಾತ್ರಿಯಲ್ಲಿ ಬ್ಯಾಟರಿ ಬರಿದಾಗಿ ವಾಹನ ಚಾಲನೆಯಾಗದಿದ್ದರೆ, ಬಿಲ್ಲಿನ ಹಣ ಆರು ತಿಂಗಳು ತಡವಾದರೆ ಅದರ ಹೊಣೆ ಪೂರ್ತಿಯಾಗಿ ಜೋಡಿಸಿದವರ ತಲೆಯ ಮೇಲೆ ಬೀಳುತ್ತದೆ. ಆದುದರಿಂದ ಈ ಕೆಲಸದ ಲೆಕ್ಕ ದೀಪದಿಂದ ಆರಂಭವಾಗದೆ, ಕಣ್ಣಿಗೆ ಕಾಣದ ತಂತಿ, ಫ್ಯೂಸ್, ದಾಖಲೆ ಮತ್ತು ಪಾವತಿಯ ಅವಧಿಯಿಂದ ಆರಂಭವಾಗಬೇಕು.

ಕಾನೂನಿನ ಚೌಕಟ್ಟು

ಯಾವ ವಾಹನಕ್ಕೆ ಯಾವ ದೀಪ ಎಂಬುದನ್ನು ನಿರ್ಧರಿಸುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೆಯ ನಿಯಮ. ಹಿಂದೆ ಗಣ್ಯರ ವಾಹನಗಳ ಮೇಲೂ ಕೆಂಪು ದೀಪ ಇರುತ್ತಿತ್ತು. 2013ರ ಡಿಸೆಂಬರ್ 10ರಂದು ಸರ್ವೋಚ್ಚ ನ್ಯಾಯಾಲಯವು ಅಭಯ್ ಸಿಂಗ್ ಪ್ರಕರಣದಲ್ಲಿ ಈ ಪದ್ಧತಿಗೆ ಕಡಿವಾಣ ಹಾಕಿತು. 2017ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಗಣ್ಯರ ದೀಪಗಳನ್ನು ಸಂಪೂರ್ಣವಾಗಿ ತೆಗೆದುಹಾಕಲು ತೀರ್ಮಾನಿಸಿತು. ಅದು ಅದೇ ವರ್ಷದ ಮೇ 1ರಿಂದ ಜಾರಿಗೆ ಬಂದಿತು. ತಿದ್ದುಪಡಿಯಾದ ನಿಯಮದ ಪ್ರಕಾರ ಕೆಂಪು, ನೀಲಿ, ಬಿಳಿ ಬಣ್ಣಗಳ ಬಹುವರ್ಣ ದೀಪವು ಅಗ್ನಿಶಾಮಕ ಕಾರ್ಯ, ಕಾನೂನು-ಸುವ್ಯವಸ್ಥೆ ಪಾಲನೆಯ ಪೊಲೀಸ್, ರಕ್ಷಣಾ ಮತ್ತು ಅರೆಸೇನಾ ಪಡೆಗಳ ಕಾರ್ಯ ಹಾಗೂ ವಿಪತ್ತು ನಿರ್ವಹಣೆಗೆ ನಿಯೋಜಿತವಾದ ವಾಹನಗಳಿಗೆ ಮೀಸಲು. ಅಂಥ ವಾಹನವೂ ಕರ್ತವ್ಯದ ಮೇಲೆ ಇಲ್ಲದಾಗ ದೀಪ ಉರಿಸುವಂತಿಲ್ಲ.

ಸೈರನ್ ವಿಷಯದಲ್ಲಿ 119ನೆಯ ನಿಯಮ ಅನ್ವಯಿಸುತ್ತದೆ. ಬೇರೆಬೇರೆ ಸ್ವರಗಳನ್ನು ಒಂದಾದ ಮೇಲೊಂದು ಹೊರಡಿಸುವ, ಕರ್ಕಶವಾದ ಅಥವಾ ಗಾಬರಿ ಹುಟ್ಟಿಸುವ ಹಾರ್ನ್‌ಗಳನ್ನು ಸಾಮಾನ್ಯ ವಾಹನಗಳಿಗೆ ನಿಷೇಧಿಸಲಾಗಿದೆ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್ ಮುಂತಾದ ವಾಹನಗಳಿಗೆ ವಿನಾಯಿತಿ ಇದೆ. ಆದರೆ ಅಲ್ಲಿಯೂ ಆ ಧ್ವನಿ ಸಾಧನಕ್ಕೆ ನೋಂದಣಿ ಪ್ರಾಧಿಕಾರದ ಅನುಮೋದನೆ ಇರಬೇಕು.

ವರ್ತಕರು ವಿಶೇಷವಾಗಿ ಗಮನಿಸಬೇಕಾದದ್ದು ಮೋಟಾರು ವಾಹನ ಕಾಯ್ದೆಯ 182ಎ ಕಲಂ. 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಈ ಕಲಮಿನಂತೆ, ನಿಯಮ ಮೀರಿ ವಾಹನವನ್ನು ಮಾರ್ಪಡಿಸುವ ತಯಾರಕ ಅಥವಾ ಡೀಲರ್‌ಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ವಾಹನಕ್ಕೆ ರೂ. 1 ಲಕ್ಷ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅನುಮತಿಯಿಲ್ಲದೆ ಮಾರ್ಪಡಿಸಿಕೊಳ್ಳುವ ಮಾಲೀಕರಿಗೂ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡೂ ಇವೆ. ಪೊಲೀಸ್ ವಾಹನದ ಕೆಲಸ ಮಾಡುವ ಅಂಗಡಿಗೆ ಪರಿಚಯದ ಗಿರಾಕಿಯೊಬ್ಬರು ಬಂದು ‘ನಮ್ಮ ಗಾಡಿಗೂ ಒಂದು ಹಾಕಿಕೊಡಿ’ ಎಂದು ಕೇಳುವುದು ಅಪರೂಪವೇನಲ್ಲ. ಆಗ ನಯವಾಗಿ ಇಲ್ಲವೆನ್ನುವುದೇ ಕ್ಷೇಮ. ಇಲಾಖೆಯ ಲಿಖಿತ ಆದೇಶ ಮತ್ತು ವಾಹನದ ಚಾಸಿಸ್ ಸಂಖ್ಯೆ ಕೈಸೇರದೆ ಒಂದು ಸ್ಕ್ರೂ ಕೂಡ ಬಿಗಿಯಬಾರದು.

ದಾಸ್ತಾನಿನ ಪಾಠವೂ ಇಲ್ಲಿದೆ. 2017ರ ನಿಯಮ ಬಂದ ದಿನ ಗಣ್ಯರ ಕೆಂಪು ದೀಪಗಳ ಬೇಡಿಕೆ ಒಮ್ಮೆಲೇ ನಿಂತಿತು. ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದಕ್ಕೆ ಲೆಕ್ಕಹಾಕಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ಸರ್ಕಾರಿ ಆದೇಶದ ಒಂದು ಸಾಲಿನಿಂದ ಬೆಲೆ ಕಳೆದುಕೊಳ್ಳಬಹುದಾದ ಇಂಥ ಸರಕನ್ನು ಕೈಯಲ್ಲಿ ಖರೀದಿ ಆದೇಶವಿಲ್ಲದೆ ಸಂಗ್ರಹಿಸಿಡುವುದು ಜಾಣತನವಲ್ಲ.

ಪಿಕಪ್‌ನ ರಚನೆ ಮತ್ತು ದೀಪದ ಸ್ಥಾನ

ಕಾರಿಗೆ ಒಗ್ಗುವ ಜೋಡಣೆ ಪಿಕಪ್‌ಗೆ ಒಗ್ಗುವುದಿಲ್ಲ. ಕ್ಯಾಬಿನ್ ಮಾಡಿನ ಮೇಲೆ ಇಟ್ಟ ಲೈಟ್ ಬಾರ್ ಮುಂದಿನಿಂದ ಚೆನ್ನಾಗಿ ಕಾಣುತ್ತದೆ. ಹಿಂದಿನಿಂದ ನೋಡಿದರೆ ತೊಟ್ಟಿಯಲ್ಲಿರುವ ಬ್ಯಾರಿಕೇಡ್, ಟಾರ್ಪಾಲಿನ್ ಹೊದಿಸಿದ ಚೌಕಟ್ಟು ಅಥವಾ ನಿಂತ ಸಿಬ್ಬಂದಿ ಅದನ್ನು ಮರೆಮಾಡುತ್ತಾರೆ. ಹೆದ್ದಾರಿಯ ಅಂಚಿನಲ್ಲಿ ನಿಂತ ವಾಹನಕ್ಕೆ ಅಪಾಯ ಬರುವುದು ಬಹುತೇಕ ಹಿಂದಿನಿಂದಲೇ. ಆದುದರಿಂದ ಹಿಂಭಾಗಕ್ಕೆ ಪ್ರತ್ಯೇಕ ಎಚ್ಚರಿಕೆ ದೀಪ ಅಗತ್ಯ. ಈ ದೀಪವನ್ನು ತೊಟ್ಟಿಯ ಹಿಂಬದಿಯ ಬಾಗಿಲಿನ ಮೇಲೆ ಕೂರಿಸಿದರೆ, ಸಾಮಾನು ಇಳಿಸಲು ಬಾಗಿಲು ತೆರೆದೊಡನೆ ದೀಪ ನೆಲವನ್ನು ನೋಡುತ್ತದೆ. ಸಿಬ್ಬಂದಿ ರಸ್ತೆಯ ಮೇಲೆ ಇಳಿದು ಕೆಲಸ ಮಾಡುವ ಹೊತ್ತೂ ಅದೇ. ಆದ್ದರಿಂದ ತೊಟ್ಟಿಯ ಹಿಂಬದಿಯ ಎರಡು ಕಂಬಗಳಲ್ಲಿ ಅಥವಾ ಬಂಪರಿನಲ್ಲಿ ದೀಪ ಕೂರಿಸುವುದು ಉತ್ತಮ.

ಮಾಡಿನ ತಗಡಿಗೆ ರಂಧ್ರ ಕೊರೆಯುವುದನ್ನು ಆದಷ್ಟೂ ತಪ್ಪಿಸಬೇಕು. ಕೊರೆದ ಅಂಚಿನಲ್ಲಿ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ, ಮಲೆನಾಡು-ಕರಾವಳಿಯ ಮಳೆಗಾಲದಲ್ಲಿ ನೀರು ಒಳಗಿಳಿಯುತ್ತದೆ. ಮಾಡಿನ ಅಂಚಿಗೆ ಕ್ಲಾಂಪ್ ಹಾಕಿ ಬಿಗಿಯುವ ಅಡ್ಡಪಟ್ಟಿ ಸಾಕಾಗುತ್ತದೆ. ಪಕ್ಕದ ಪರದೆ ಏರ್‌ಬ್ಯಾಗ್ ಇರುವ ವಾಹನಗಳಲ್ಲಿ ಅದು ಮಾಡಿನ ಒಳ ಅಂಚಿನಲ್ಲೇ ಮಡಚಿ ಕುಳಿತಿರುತ್ತದೆ. ಅಲ್ಲಿ ತಂತಿ ಎಳೆಯುವುದಾಗಲಿ ಸ್ಕ್ರೂ ಹಾಕುವುದಾಗಲಿ ಪ್ರಾಣಾಪಾಯಕ್ಕೆ ದಾರಿ. ಸೈರನ್ ನಿಯಂತ್ರಕವನ್ನು ಸಹ ಮುಂಭಾಗದ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಿಂದ ದೂರವಿಡಬೇಕು.

ಖರೀದಿದಾರರ ನಿರ್ದಿಷ್ಟ ವಿವರಣೆಗಳಲ್ಲಿ ಎಸ್.ಎ.ಇ. ಜೆ845, ಜೆ595 ಎಂಬ ಸಂಖ್ಯೆಗಳು ಕಂಡುಬರುವುದುಂಟು. ಮೊದಲನೆಯದು ಸುತ್ತಲೂ ಕಾಣುವ ಎಚ್ಚರಿಕೆ ದೀಪದ, ಎರಡನೆಯದು ಒಂದು ದಿಕ್ಕಿಗೆ ಮಿನುಗುವ ದೀಪದ ಅಮೆರಿಕನ್ ಮಾನದಂಡ. ಜೆ845ರಲ್ಲಿ ಒಂದನೆಯ ದರ್ಜೆ ತುರ್ತು ವಾಹನಗಳಿಗೆ ಉದ್ದೇಶಿಸಿದ್ದು. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಮುದ್ರೆಯನ್ನಷ್ಟೇ ನಂಬದೆ ಪರೀಕ್ಷಾ ವರದಿಯ ಪ್ರತಿ ಕೇಳಿ ಪಡೆಯಬೇಕು. ನೀರು, ಧೂಳು ತಡೆಯುವ ಸಾಮರ್ಥ್ಯವನ್ನು ಸೂಚಿಸುವ ಐಪಿ ಸಂಖ್ಯೆಯನ್ನೂ ನೋಡಬೇಕು. ರಾತ್ರಿ ಹೊತ್ತು ಪ್ರಖರತೆ ತಗ್ಗಿಸುವ ಸೌಲಭ್ಯ ಇರುವುದು ಒಳ್ಳೆಯದು. ತೀರಾ ಪ್ರಖರವಾದ ದೀಪ ಎದುರಿನಿಂದ ಬರುವ ಚಾಲಕನ ಕಣ್ಣು ಕುಕ್ಕಿಸಿ, ರಸ್ತೆಯ ಮೇಲೆ ನಿಂತ ಪೊಲೀಸರನ್ನೇ ಕಾಣದಂತೆ ಮಾಡಬಲ್ಲದು.

ವಿದ್ಯುತ್ತಿನ ಆಯವ್ಯಯ

ಉದ್ಯಮಕ್ಕೆ ಹೇಗೋ ಹಾಗೆ ವಾಹನಕ್ಕೂ ಆಯವ್ಯಯ ಪಟ್ಟಿ ಇದೆ. ಆಲ್ಟರ್ನೇಟರ್ ಉತ್ಪಾದಿಸುವುದು ಆದಾಯ, ಉಪಕರಣಗಳು ಬಳಸುವುದು ವ್ಯಯ, ಬ್ಯಾಟರಿ ಎಂಬುದು ಉಳಿತಾಯ ಖಾತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಉದಾಹರಣೆಗೆ, 90 ಆಂಪಿಯರ್ ಎಂದು ನಮೂದಾದ ಆಲ್ಟರ್ನೇಟರ್ ಇದೆಯೆಂದು ಇಟ್ಟುಕೊಳ್ಳೋಣ. ಎಂಜಿನ್ ಐಡಲಿಂಗ್‌ನಲ್ಲಿ ಇರುವಾಗ ಅದು ಪೂರ್ಣ ಸಾಮರ್ಥ್ಯ ಕೊಡುವುದಿಲ್ಲ. ಅರ್ಧ, ಅಂದರೆ 45 ಆಂಪಿಯರ್ ಕೊಡುತ್ತದೆಂದು ಭಾವಿಸೋಣ. ಮಳೆಯ ರಾತ್ರಿಯಲ್ಲಿ ಎಂಜಿನ್ನಿನ ವಿದ್ಯುತ್ ವ್ಯವಸ್ಥೆ, ಹೆಡ್‌ಲೈಟ್, ವೈಪರ್, ಫ್ಯಾನ್ ಎಲ್ಲ ಸೇರಿ ವಾಹನದ ಸ್ವಂತ ಬಳಕೆ 34 ಆಂಪಿಯರ್. ಅದಕ್ಕೆ ಲೈಟ್ ಬಾರ್ 8, ಕೆಲಸದ ದೀಪಗಳು 6, ಕಾಯುತ್ತಿರುವ ನಿಸ್ತಂತು ಸಾಧನ 1 ಸೇರಿದರೆ ಒಟ್ಟು 49 ಆಂಪಿಯರ್. ಗಂಟೆಗೆ 4 ಆಂಪಿಯರ್-ಅವರ್ ಕೊರತೆ. ಐದು ಗಂಟೆ ಹೀಗೆ ನಿಂತರೆ 80 ಆಂಪಿಯರ್-ಅವರ್ ಬ್ಯಾಟರಿಯ ಕಾಲುಭಾಗ ಕರಗಿರುತ್ತದೆ. ನಡುವೆ ಸೈರನ್ ಕೂಗಿಸಿದರೆ, ನಿಸ್ತಂತುವಿನಲ್ಲಿ ಮಾತನಾಡಿದರೆ ಕೊರತೆ ಇನ್ನೂ ಹೆಚ್ಚು.

ಇಂಧನ ಉಳಿಸಲೆಂದು ಎಂಜಿನ್ ನಿಲ್ಲಿಸಿ ದೀಪಗಳನ್ನು ಮಾತ್ರ ಉರಿಸಿದರೆ ಆಗುವುದೇನು? 15 ಆಂಪಿಯರ್ ಬಳಕೆಯಲ್ಲಿ ಅದೇ ಬ್ಯಾಟರಿಯ ಅರ್ಧ ಸಾಮರ್ಥ್ಯ 2 ಗಂಟೆ 40 ನಿಮಿಷದಲ್ಲಿ ಮುಗಿಯುತ್ತದೆ. ಹೊಸ ಬ್ಯಾಟರಿಗೆ ಈ ಲೆಕ್ಕ. ಎರಡು ವರ್ಷ ಹಳೆಯದಾದರೆ ಅಷ್ಟೂ ಇಲ್ಲ. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಯನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಕುಗ್ಗುತ್ತದೆ. ಹೀಗೆ ಕೆಟ್ಟ ಬ್ಯಾಟರಿಯ ದೂರು ಬರುವುದು ದೀಪ ಜೋಡಿಸಿದವರ ಬಾಗಿಲಿಗೆ.

ಪರಿಹಾರಗಳು ದುಬಾರಿಯಲ್ಲ. ಹಳೆಯ ತಿರುಗು ದೀಪದ ಒಂದೊಂದು 55 ವಾಟ್ ಹ್ಯಾಲೊಜೆನ್ ಬಲ್ಬೇ ಸುಮಾರು 4.5 ಆಂಪಿಯರ್ ಎಳೆಯುತ್ತಿತ್ತು. ಎಲ್‌ಇಡಿ ಬಳಸಿದರೆ ಹೊರೆ ಬಹಳ ಕಡಿಮೆ. ಬ್ಯಾಟರಿಯ ವೋಲ್ಟೇಜ್ ಸುಮಾರು 12ಕ್ಕೆ ಇಳಿದೊಡನೆ ಹೆಚ್ಚುವರಿ ಉಪಕರಣಗಳನ್ನು ತಾನಾಗಿ ಕಡಿತಗೊಳಿಸುವ ಸಾಧನವೊಂದನ್ನು ಸೇರಿಸಬಹುದು. ಹೊರೆ ಹೆಚ್ಚಿದ್ದರೆ ದೀಪ-ಸೈರನ್‌ಗೆ ಪ್ರತ್ಯೇಕ ಎರಡನೆಯ ಬ್ಯಾಟರಿ ಕೊಡುವುದೂ ಉಂಟು. ಯಾವುದನ್ನು ಆರಿಸಿದರೂ ಮೇಲಿನಂತಹ ಲೆಕ್ಕದ ಹಾಳೆಯನ್ನು ದರಪಟ್ಟಿಯ ಜೊತೆ ಲಗತ್ತಿಸಬೇಕು. ಇಲಾಖೆಯ ತಾಂತ್ರಿಕ ಅಧಿಕಾರಿಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಪತ್ರ ಬೇರೆ ಬೇಕಿಲ್ಲ.

ತಂತಿ, ಫ್ಯೂಸ್, ಅರ್ತಿಂಗ್

ಬ್ಯಾಟರಿಯಿಂದ ಮಾಡಿನವರೆಗೆ 5 ಮೀಟರ್ ತಂತಿ, ಅದರಲ್ಲಿ 15 ಆಂಪಿಯರ್ ಹರಿವು ಎಂದುಕೊಂಡರೆ, 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಸುಮಾರು 1.3 ವೋಲ್ಟ್ ನಷ್ಟವಾಗುತ್ತದೆ. ಅಂದರೆ ಹನ್ನೆರಡರಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. 4 ಚದರ ಮಿಲಿಮೀಟರ್ ತಂತಿಯಲ್ಲಿ ನಷ್ಟ ಸುಮಾರು 0.3 ವೋಲ್ಟ್ ಮಾತ್ರ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವಾಹನದ ಮಾಡಿನೊಳಗೆ ಈ ಹೆಚ್ಚುವರಿ ಶಾಖ ಸೇರಿದರೆ ತಂತಿಯ ಹೊದಿಕೆ ಮೆತ್ತಗಾಗುತ್ತದೆ. ಎರಡು ಬಗೆಯ ತಂತಿಗಳ ಬೆಲೆಯ ವ್ಯತ್ಯಾಸ ಒಂದು ವಾಹನಕ್ಕೆ ಕೆಲವು ನೂರು ರೂಪಾಯಿ ಆಗಬಹುದು. ಅಲ್ಲಿ ಉಳಿಸಿದ ಹಣ ಸುಟ್ಟ ವಾಹನದ ಮುಂದೆ ಯಾವ ಲೆಕ್ಕಕ್ಕೂ ಬಾರದು.

ಫ್ಯೂಸ್ ಇರುವುದು ದೀಪವನ್ನು ಕಾಪಾಡಲು ಎಂಬ ತಿಳಿವಳಿಕೆ ಅನೇಕರಲ್ಲಿದೆ. ಅದು ಕಾಪಾಡುವುದು ತಂತಿಯನ್ನು. ಆದುದರಿಂದ ಫ್ಯೂಸಿನ ಪ್ರಮಾಣವು ತಂತಿ ತಾಳುವ ಹರಿವಿಗಿಂತ ಕಡಿಮೆ ಇರಬೇಕು. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಮತ್ತು ಬ್ಯಾಟರಿಯ ನಡುವಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ. ಆ ಭಾಗ ತಗಡಿಗೆ ಉಜ್ಜಿ ತಾಗಿದರೆ ಬೆಂಕಿ ಹತ್ತಲು ಕ್ಷಣವೂ ಬೇಡ. ತಗಡಿನ ಮೂಲಕ ತಂತಿ ಹಾದುಹೋಗುವ ಪ್ರತಿಯೊಂದು ರಂಧ್ರಕ್ಕೂ ರಬ್ಬರ್ ಬುಷ್ ಹಾಕಲೇಬೇಕು. ತಂತಿ ಹೊಸೆದು ಟೇಪ್ ಸುತ್ತುವ ಬದಲು ಸರಿಯಾದ ಲಗ್ ಒತ್ತಿ ಜೋಡಿಸಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಈ ಪುಟ್ಟ ರಬ್ಬರ್ ಉಂಗುರಕ್ಕೂ ಸಲ್ಲುತ್ತದೆ.

ಚಾಲಕನ ಮುಂದಿನ ಸ್ವಿಚ್ಚಿನ ಮೂಲಕ ಪೂರ್ಣ ಹರಿವನ್ನು ಹಾಯಿಸದೆ, ಸ್ವಿಚ್ ರಿಲೇಯನ್ನು ಮಾತ್ರ ನಡೆಸುವಂತೆ, ರಿಲೇ ದೀಪಕ್ಕೆ ವಿದ್ಯುತ್ ಕೊಡುವಂತೆ ಮಾಡಬೇಕು. ಹೊಸ ಬಗೆಯ ವಾಹನಗಳಲ್ಲಿ ಬ್ಯಾಟರಿಯ ಋಣ ತುದಿಯಲ್ಲೇ ಹರಿವು ಅಳೆಯುವ ಸಂವೇದಕ ಇರುವುದುಂಟು. ಅಂಥಲ್ಲಿ ಅರ್ತ್ ತಂತಿಯನ್ನು ನೇರವಾಗಿ ಬ್ಯಾಟರಿ ತುದಿಗೆ ಕಟ್ಟಿದರೆ ಹೆಚ್ಚುವರಿ ಬಳಕೆ ವಾಹನದ ಲೆಕ್ಕಕ್ಕೇ ಬರುವುದಿಲ್ಲ. ಸಂವೇದಕದ ಚಾಸಿಸ್ ಬದಿಗೆ ಕಟ್ಟುವುದು ಸರಿಯಾದ ಕ್ರಮ. ಕಾರ್ಖಾನೆಯ ಮೂಲ ತಂತಿಗಳನ್ನು ಕತ್ತರಿಸಿ ನಡುವೆ ಸೇರಿಸಿದರೆ ವಾಹನ ತಯಾರಕರು ವಾರಂಟಿ ನಿರಾಕರಿಸಬಹುದು. ಆದ್ದರಿಂದ ಆಯಾ ತಯಾರಕರ ಬಾಡಿ ಬಿಲ್ಡರ್ ಮಾರ್ಗದರ್ಶಿ ಪಡೆದು ಅದರಂತೆ ನಡೆಯಬೇಕು.

ಅಗ್ಗದ ಎಲ್‌ಇಡಿ ದೀಪಗಳು ಹೊರಸೂಸುವ ವಿದ್ಯುತ್ ಸದ್ದು ನಿಸ್ತಂತು ಸಾಧನದಲ್ಲಿ ಗೊರಗೊರ ಶಬ್ದ ಉಂಟುಮಾಡುತ್ತದೆ. ಆಂಟೆನಾವನ್ನು ಲೈಟ್ ಬಾರಿನಿಂದ ದೂರವಿಟ್ಟು, ಎರಡರ ತಂತಿಗಳನ್ನು ಬೇರೆಬೇರೆ ದಾರಿಯಲ್ಲಿ ಒಯ್ದು, ದೀಪ ಉರಿಯುತ್ತಿರುವಾಗಲೇ ನಿಸ್ತಂತುವನ್ನು ಪರೀಕ್ಷಿಸಬೇಕು. ಸಹಾಯ ಕೇಳುವ ಕರೆಯೇ ಕೇಳಿಸದಂತೆ ಮಾಡುವ ದೀಪದಿಂದ ಯಾರಿಗೂ ಪ್ರಯೋಜನವಿಲ್ಲ.

ಸೈರನ್

ಸೈರನ್‌ನಲ್ಲಿ ಎರಡು ಭಾಗ: ಧ್ವನಿ ಹುಟ್ಟಿಸುವ ಆಂಪ್ಲಿಫೈಯರ್ ಮತ್ತು ಹೊರಗಿನ ಸ್ಪೀಕರ್. 100 ವಾಟ್ ಸಾಧನವು 8ರಿಂದ 10 ಆಂಪಿಯರ್ ಎಳೆಯುತ್ತದೆ. ಸ್ಪೀಕರಿನ ಮುಂದೆ 3 ಮೀಟರ್ ದೂರದಲ್ಲಿ ಧ್ವನಿಮಟ್ಟ ಸುಮಾರು 120 ಡೆಸಿಬೆಲ್ ಇರುತ್ತದೆ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಅದು 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರನ್ನು ಮಾಡಿನ ಮೇಲೆ ಇಟ್ಟರೆ ಆ ಶಬ್ದ ಕ್ಯಾಬಿನ್ನಿಗೂ ಇಳಿಯುತ್ತದೆ, ಪಿಕಪ್‌ನ ತೊಟ್ಟಿಯಲ್ಲಿ ಕುಳಿತವರ ಕಿವಿಗೂ ಬಡಿಯುತ್ತದೆ. ಮುಂದಿನ ಬಂಪರಿನ ಬಳಿ, ರೇಡಿಯೇಟರಿನ ಗಾಳಿಗೆ ಅಡ್ಡವಾಗದಂತೆ, ಬಾಯಿ ತುಸು ಕೆಳಮುಖವಾಗಿ ನೀರು ನಿಲ್ಲದಂತೆ ಕೂರಿಸುವುದು ಸೂಕ್ತ. ಸೈರನ್‌ಗೂ ಜೆ1849 ಎಂಬ ಎಸ್.ಎ.ಇ. ಮಾನದಂಡವಿದೆ. ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದಕ್ಕೊಂದು ಹೊಂದುವ ವಾಟ್ ಮತ್ತು ಓಮ್ ಪ್ರಮಾಣದವಾಗಿರಬೇಕು. ಬೇರೆಬೇರೆ ಕಡೆ ಅಗ್ಗವಾಗಿ ಸಿಕ್ಕವುಗಳನ್ನು ಜೋಡಿಸಿದರೆ ಎರಡರಲ್ಲೊಂದು ಸುಡುವುದು ಖಂಡಿತ.

ದರಪಟ್ಟಿ: ಒಂದು ಮಾದರಿ ಲೆಕ್ಕ

20 ಪಿಕಪ್ ವಾಹನಗಳ ಕೆಲಸವೊಂದನ್ನು ಕಲ್ಪಿಸಿಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ವಿಧಾನ ತೋರಿಸಲು ಮಾತ್ರ, ಮಾರುಕಟ್ಟೆ ದರಗಳಲ್ಲ. ಎಲ್ಲವೂ ತೆರಿಗೆ ಹೊರತುಪಡಿಸಿ, ಒಂದು ವಾಹನಕ್ಕೆ.

ಲೈಟ್ ಬಾರ್ ಮತ್ತು ಹಿಂಬದಿ ದೀಪ: ರೂ. 18,000
ಸೈರನ್ ಮತ್ತು ಸ್ಪೀಕರ್: ರೂ. 9,000
ತಂತಿ, ಫ್ಯೂಸ್ ಪೆಟ್ಟಿಗೆ, ರಿಲೇ, ಲಗ್, ಕೊಳವೆ: ರೂ. 4,000
ಕ್ಲಾಂಪ್, ಅಡ್ಡಪಟ್ಟಿ: ರೂ. 2,500
ಕೂಲಿ: ರೂ. 3,500
ಪರೀಕ್ಷೆ, ಛಾಯಾಚಿತ್ರ, ದಾಖಲೆ: ರೂ. 1,000
ವಾರಂಟಿ ಅವಧಿಯಲ್ಲಿ ಮೆಕ್ಯಾನಿಕ್ ಭೇಟಿ: ರೂ. 2,000
ವಾರಂಟಿ ಬಿಡಿಭಾಗಗಳಿಗೆ ಮೀಸಲು: ರೂ. 1,500
ಐದು ತಿಂಗಳ ಬಡ್ಡಿ: ರೂ. 1,900
ಒಟ್ಟು: ರೂ. 43,400

ಬಡ್ಡಿಯನ್ನು ಮೊದಲೇ ಕೈಬಿಟ್ಟುಹೋಗುವ ರೂ. 38,000 ಮೇಲೆ ವಾರ್ಷಿಕ ಶೇ. 12ರಂತೆ ಹಿಡಿಯಲಾಗಿದೆ. ಈಗ ರೂಢಿಯ ದರಪಟ್ಟಿಯನ್ನು ನೋಡೋಣ. ದೀಪ-ಸೈರನ್ ರೂ. 27,000, ‘ಜೋಡಣೆ’ ರೂ. 6,000, ಲಾಭ ರೂ. 5,000, ಒಟ್ಟು ರೂ. 38,000. ದರ ಕಡಿಮೆಯಾದ್ದರಿಂದ ಟೆಂಡರು ಸಿಗುತ್ತದೆ. ಪ್ರತಿ ವಾಹನಕ್ಕೆ ರೂ. 5,000 ಲಾಭ ಬಂತೆಂದು ಭಾವಿಸಿದವರಿಗೆ ಎರಡು ವರ್ಷಗಳ ನಂತರ ತಿಳಿಯುವುದು ರೂ. 5,400 ನಷ್ಟವಾಗಿದೆ ಎಂದು. 20 ವಾಹನಗಳಿಗೆ ಒಟ್ಟು ರೂ. 1,08,000. ಮೆಕ್ಯಾನಿಕ್ ಭೇಟಿಯ ಬಸ್ಸು-ಬೈಕಿನ ಖರ್ಚು ಸಂಚಾರ ವೆಚ್ಚದ ಖಾತೆಗೆ, ಬಡ್ಡಿ ಬ್ಯಾಂಕ್ ಖಾತೆಗೆ ಸೇರಿಹೋಗುವುದರಿಂದ ಈ ನಷ್ಟ ಲೆಕ್ಕಪುಸ್ತಕದಲ್ಲಿ ಒಂದೆಡೆ ಕಾಣುವುದೂ ಇಲ್ಲ. ನಷ್ಟ ಅರಿವಿಗೆ ಬಂದಾಗ ಮೊದಲು ಕತ್ತರಿ ಬೀಳುವುದು ತಂತಿಯ ದಪ್ಪಕ್ಕೆ. ಹೀಗೆ ತಪ್ಪು ದರಪಟ್ಟಿಯೇ ಮುಂದೆ ಕಳಪೆ ಕೆಲಸಕ್ಕೆ ಕಾರಣವಾಗುತ್ತದೆ. ಪ್ರತಿ ಗುತ್ತಿಗೆಗೆ ಪ್ರತ್ಯೇಕ ವೆಚ್ಚದ ಖಾತೆ ತೆರೆಯುವುದು ಇದಕ್ಕಿರುವ ಸರಳ ಮದ್ದು.

ತೆರಿಗೆ ಮತ್ತು ಪಾವತಿ

ಜಿ.ಎಸ್.ಟಿ.ಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಸರಬರಾಜಿನ ಸ್ವರೂಪ. ಉದ್ಯಮಿಯೇ ದೀಪ-ಸೈರನ್ ಕೊಂಡು ತಂದು ಜೋಡಿಸಿಕೊಟ್ಟರೆ ಅದು ಸಂಯುಕ್ತ ಸರಬರಾಜು ಎನಿಸಿ, ಅದರಲ್ಲಿ ಪ್ರಧಾನವಾದದ್ದರ ದರ ಇಡೀ ಮೊತ್ತಕ್ಕೆ ಅನ್ವಯಿಸುತ್ತದೆ. ಇಲಾಖೆಯೇ ಸಾಮಗ್ರಿ ಕೊಟ್ಟು ಜೋಡಣೆಯನ್ನಷ್ಟೇ ವಹಿಸಿದರೆ ಅದು ಸೇವೆ. ಖರೀದಿ ಆದೇಶದ ಒಕ್ಕಣೆ ಯಾವ ರೀತಿ ಇದೆಯೋ ಬಿಲ್ಲೂ ಅದೇ ರೀತಿ ಇರಬೇಕು.

ತೆರಿಗೆ ಹೊರತುಪಡಿಸಿ ಗುತ್ತಿಗೆ ಮೌಲ್ಯ ರೂ. 2.5 ಲಕ್ಷ ಮೀರಿದರೆ ಸರ್ಕಾರಿ ಇಲಾಖೆಗಳು ಶೇ. 2ರಷ್ಟು ಜಿ.ಎಸ್.ಟಿ. ಟಿ.ಡಿ.ಎಸ್. ಮುರಿದುಕೊಳ್ಳುತ್ತವೆ. 2018ರ ಅಕ್ಟೋಬರ್ 1ರಿಂದ ಈ ಪದ್ಧತಿ ಜಾರಿಯಲ್ಲಿದೆ. ಮುರಿದ ಹಣ ಉದ್ಯಮಿಯದೇ. ಆದರೆ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡ ನಂತರವೇ ಅದು ನಗದು ಖಾತೆಗೆ ಜಮೆಯಾಗುತ್ತದೆ. ಒಪ್ಪಿಕೊಳ್ಳಲು ಮರೆತರೆ ಹಣ ಅಲ್ಲಿಯೇ ನಿಂತಿರುತ್ತದೆ. ಇನ್ನೊಂದು ಸಂಗತಿ: ಬಿಲ್ಲು ಕೊಟ್ಟ ತಿಂಗಳ ರಿಟರ್ನ್‌ನಲ್ಲೇ ತೆರಿಗೆ ಕಟ್ಟಬೇಕಾಗುತ್ತದೆ, ಇಲಾಖೆಯ ಹಣ ಬಂದಿರಲಿ ಬಿಡಲಿ. ತಡವಾದರೆ ವಾರ್ಷಿಕ ಶೇ. 18 ಬಡ್ಡಿ. ಆದುದರಿಂದ ದುಡಿಯುವ ಬಂಡವಾಳದ ಅಂದಾಜಿನಲ್ಲಿ ತೆರಿಗೆಯ ಮೊತ್ತವನ್ನೂ ಸೇರಿಸಿಕೊಳ್ಳಬೇಕು.

ಪಾವತಿ ತಡವಾದಾಗ ನೆರವಿಗೆ ಬರುವುದು 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆ. ಅದರ 15ನೆಯ ಕಲಮಿನಂತೆ ಕರಾರಿನಲ್ಲಿ ಏನೇ ಇದ್ದರೂ ಸರಕು ಅಥವಾ ಸೇವೆ ಅಂಗೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಮೀರಿದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರ್ಕಾರಿ ಖರೀದಿದಾರರೂ ಇದಕ್ಕೆ ಹೊರತಲ್ಲ. ವಿವಾದವನ್ನು 18ನೆಯ ಕಲಮಿನಡಿ ಸೌಲಭ್ಯ ಮಂಡಳಿಗೆ ಒಯ್ಯಬಹುದು. ಆದರೆ ಗುತ್ತಿಗೆಗೆ ಮೊದಲೇ ಉದ್ಯಮ್ ನೋಂದಣಿ ಆಗಿರುವುದು ಅಗತ್ಯ. ವಿವಾದ ಹುಟ್ಟಿದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಿಲ್ಲಿಗೆ ಆಸರೆಯಾಗದು.

ವಾಹನ ಡೀಲರ್‌ಗೆ ಉಪಗುತ್ತಿಗೆ ಮಾಡುವವರಿಗೆ ಇನ್ನೊಂದು ಬಲವಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕಾಯ್ದೆಯ ಅವಧಿಯೊಳಗೆ ಕೊಡದ ಹಣವನ್ನು, ಅದು ನಿಜವಾಗಿ ಪಾವತಿಯಾಗುವವರೆಗೆ, ಖರೀದಿದಾರರು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ತೋರಿಸುವಂತಿಲ್ಲ. 2023ರ ಹಣಕಾಸು ಕಾಯ್ದೆಯು 43ಬಿ ಕಲಮಿಗೆ ಸೇರಿಸಿದ ಈ ನಿಯಮದ ಸಾರ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಉಳಿದಿದೆ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸಿದರೆ ಜ್ಞಾಪನ ಪತ್ರ ಬರೆಯುವ ಶ್ರಮ ಅರ್ಧ ತಪ್ಪುತ್ತದೆ. ಆದರೆ ಈ ರಕ್ಷಣೆ ತಯಾರಿಕೆ ಅಥವಾ ಸೇವೆ ನೀಡುವವರಿಗೆ ಸಲ್ಲುತ್ತದೆ. ಕೊಂಡು ಮಾರುವ ವರ್ತಕರಿಗೆ ಸಲ್ಲುವುದಿಲ್ಲ ಎಂಬುದನ್ನು ನೆನಪಿಡಬೇಕು.

ಹಸ್ತಾಂತರದ ದಾಖಲೆ

45 ದಿನಗಳ ಗಡಿಯಾರ ಓಡಲು ಆರಂಭಿಸುವುದು ಅಂಗೀಕಾರದ ದಿನದಿಂದ. ಆದ್ದರಿಂದ ಆ ದಿನಾಂಕಕ್ಕೆ ಲಿಖಿತ ಪುರಾವೆ ಬೇಕು. ಪ್ರತಿ ವಾಹನಕ್ಕೂ ಒಂದು ಹಾಳೆ ಇರಲಿ. ಚಾಸಿಸ್ ಸಂಖ್ಯೆ, ದೀಪ ಮತ್ತು ಸೈರನ್‌ಗಳ ಕ್ರಮಸಂಖ್ಯೆ, ಫ್ಯೂಸ್‌ಗಳ ಪ್ರಮಾಣ, ತಂತಿ ಸಾಗಿದ ದಾರಿಯ ನಕ್ಷೆ, ಎಂಜಿನ್ ನಿಂತಾಗ ಮತ್ತು ಓಡುವಾಗ ಅಳೆದ ವೋಲ್ಟೇಜ್, ಎಲ್ಲ ಉಪಕರಣ ಉರಿಸಿದಾಗಿನ ಒಟ್ಟು ಆಂಪಿಯರ್, ನಿಸ್ತಂತು ಪರೀಕ್ಷೆಯ ಫಲ, ಮತ್ತು ವಾಹನ ಪಡೆದ ಅಧಿಕಾರಿಯ ಸಹಿ, ದಿನಾಂಕ ಅದರಲ್ಲಿರಬೇಕು. ಒಂದು ಪ್ರತಿ ವಾಹನದಲ್ಲಿ, ಒಂದು ಇಲಾಖೆಯಲ್ಲಿ, ಒಂದು ಉದ್ಯಮಿಯ ಕಡತದಲ್ಲಿ ಉಳಿಯಬೇಕು.

ಈ ಹಾಳೆಯಿಂದ ಮೂರು ಕೆಲಸಗಳಾಗುತ್ತವೆ. ಪಾವತಿಯ ಅವಧಿಗೆ ಆರಂಭದ ದಿನ ಸಿಗುತ್ತದೆ. ನಂತರ ಬೇರೆ ಯಾರೋ ತಂತಿ ಕತ್ತರಿಸಿ ಚಾರ್ಜರ್ ಸೇರಿಸಿ ತೊಂದರೆಯಾದರೆ ಮೂಲ ಜೋಡಣೆ ಹೇಗಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ. ದೂರದ ಠಾಣೆಯಲ್ಲಿ ದೀಪ ಕೆಟ್ಟರೆ ಅಲ್ಲಿಯ ಎಲೆಕ್ಟ್ರಿಷಿಯನ್ ನಕ್ಷೆ ನೋಡಿ ಫ್ಯೂಸ್ ಬದಲಿಸಿಕೊಳ್ಳಬಹುದು. ಮೆಕ್ಯಾನಿಕ್ಕನ್ನು ನೂರಾರು ಕಿಲೋಮೀಟರ್ ಕಳುಹಿಸುವ ಖರ್ಚು ಉಳಿಯುತ್ತದೆ.

2019ರ ತಿದ್ದುಪಡಿಯು ತುರ್ತು ವಾಹನಕ್ಕೆ ದಾರಿ ಬಿಡದವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ರೂ. 10,000 ದಂಡ ಅಥವಾ ಎರಡನ್ನೂ ಗೊತ್ತುಮಾಡಿದೆ. ದೀಪ ಕಂಡೊಡನೆ, ಧ್ವನಿ ಕೇಳಿದೊಡನೆ ಪಕ್ಕಕ್ಕೆ ಸರಿಯಬೇಕೆಂದು ಕಾನೂನು ಸಾರ್ವಜನಿಕರಿಗೆ ಹೇಳುತ್ತದೆ. ಆ ದೀಪ ಬೇಕಾದ ಕ್ಷಣದಲ್ಲಿ ಉರಿಯುವಂತೆ, ಆ ಧ್ವನಿ ಕೇಳಿಸುವಂತೆ, ಮರುಕ್ಷಣ ವಾಹನ ಚಾಲನೆಯಾಗುವಂತೆ ಮಾಡುವುದು ಜೋಡಿಸುವ ಉದ್ಯಮಿಯ ಕರ್ತವ್ಯ. ಪೂರ್ಣ ವೆಚ್ಚವನ್ನು ಹಿಡಿದು, ಪ್ರತಿ ಅಂಶಕ್ಕೂ ಕಾರಣ ಬರೆದು ದರಪಟ್ಟಿ ಸಲ್ಲಿಸಿದರೆ ಕೆಲವು ಟೆಂಡರುಗಳು ಕೈತಪ್ಪಬಹುದು. ಕೈಗೆ ಬಂದ ಕೆಲಸದಲ್ಲಿ ಮಾತ್ರ ಲಾಭವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಸದಸ್ಯ ಉದ್ಯಮಿಗಳು ಮುಂದಿನ ದರಪಟ್ಟಿ ಬರೆಯುವ ಮುನ್ನ ತಂತಿ, ವಾರಂಟಿ, ಬಡ್ಡಿ ಎಂಬ ಮೂರು ಸಾಲುಗಳು ಅದರಲ್ಲಿ ಇವೆಯೇ ಎಂದು ಒಮ್ಮೆ ಪರಿಶೀಲಿಸುವುದು ಒಳಿತು.